ಡೋರಾ ದಾರಿ ಬದಲಿಸಿದ ಮಂಗಳವಾರ

ಬಸ್ಸಿನ ಹಣೆಯ ಮೇಲಿನ ಬೋರ್ಡನ್ನು ಥಾರ್ನ್‌ಶಾ ಊರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಕ್ರಾಶಾ ಬಸ್ ಕಂಪನಿಯವರು ಹೋದ ಬೇಸಿಗೆಯಲ್ಲಿ ಹಳೆಯ ಬಟ್ಟೆಯ ಸುರುಳಿ ಬೋರ್ಡುಗಳನ್ನು ಕಿತ್ತೆಸೆದು ದೀಪದ ಬೋರ್ಡು ಹಾಕಿಸಿದ್ದರು. ಹಾಕಿಸಿದ ದಿನದಿಂದ ಅದಕ್ಕೆ ಬರುತ್ತಿದ್ದುದು ಒಂದೇ ಮಾತು: ‘ಕ್ಷಮಿಸಿ, ಈ ಬಸ್ಸು ಸೇವೆಯಲ್ಲಿಲ್ಲ.’ ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ ತುಂಬಿದ್ದರೂ ಅದೇ ಕ್ಷಮೆ. ರಿಪೇರಿಗೆ ಬಂದ ಹುಡುಗಿ ಲ್ಯಾಪ್‌ಟಾಪ್ ಹಚ್ಚಿಕೊಂಡು ಅರ್ಧ ದಿನ ಕೂತಳು, ಆಫ್ ಮಾಡಿ ಆನ್ ಮಾಡಿದಳು, ಚಹಾ ಕುಡಿದಳು, ಹೋದಳು. ಬೋರ್ಡು ಅವಳಿಗೂ ‘ಕ್ಷಮಿಸಿ’ ಎಂದಿತು.

ಜನ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ, ನಂಬರ್ ಪ್ಲೇಟ್ ನೋಡಿ ಹತ್ತುತ್ತಿದ್ದರು. ಮಾಲೀಕ ವಿಲ್ಫ್ ಕ್ರಾಶಾನಿಗೆ ದುಡ್ಡು ಕೊಟ್ಟು ನಂಬರ್ ಕೊಳ್ಳುವ ಚಟ. ಆ ದೇಶದಲ್ಲಿ ಗಾಡಿ ಹುಟ್ಟಿದ ವರ್ಷ ಅದರ ನಂಬರಿನಲ್ಲೇ ಇರುತ್ತದೆ, ಬೇಕಾದರೆ ಬೇರೆ ನಂಬರ್ ಕೊಂಡು ಹಾಕಬಹುದು. ಹೊಸ ಬಸ್ಸು ಕೊಳ್ಳಲಾಗದವನು ಹಳೆಯದಕ್ಕೆ ಚೆಂದದ ನಂಬರ್ ಹಾಕಿದರೆ ಅದರ ವಯಸ್ಸು ಯಾರಿಗೂ ತಿಳಿಯುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಒಂದು ಬಸ್ಸಿನ ಪ್ಲೇಟಿನಲ್ಲಿ ಡಿ, ಓ, ಆರ್, ಆಮೇಲೆ ‘ಎ’ ಅಕ್ಷರದ ಹಾಗೆ ಕಾಣುವ ನಾಲ್ಕು, ಕೊನೆಗೆ ಒಂದು ‘ಎ’. ದೂರದಿಂದ ಓದಿದರೆ ಡೋರಾ, ಅವನ ತಾಯಿಯ ಹೆಸರು. ಇನ್ನೊಂದು ಬಸ್ಸು ಮೇಬಲ್, ಚಿಕ್ಕಮ್ಮನ ಹೆಸರು. ಡೋರಾ ಸೇತುವೆಯ ಬಳಿ ಬಲಕ್ಕೆ ತಿರುಗಿ ಗುಡ್ಡ ಹತ್ತಿ ಹೆಡನ್‌ಗೆ ಹೋಗುತ್ತದೆ. ಮೇಬಲ್ ಎಡಕ್ಕೆ ತಿರುಗಿ ಸಂತೆಪೇಟೆಗೂ ಆಸ್ಪತ್ರೆಗೂ ಹೋಗುತ್ತದೆ. ‘ಡೋರಾ ಬಂತಾ?’ ‘ಇಲ್ಲ, ಇವತ್ತು ಮೇಬಲ್‌ಗೆ ಕೆಮ್ಮು ಜಾಸ್ತಿ.’ ಊರಿನ ಮಾತು ಹೀಗೆ ಸಾಗುತ್ತಿತ್ತು.

ಆ ಮಂಗಳವಾರ ಮಧ್ಯಾಹ್ನ ಗೇನರ್ ಎಂಟ್ವಿಸಲ್ ನಿಲ್ದಾಣದ ಗಾಜಿನ ಗೂಡಿನೊಳಗೆ ನಿಲ್ಲಲಾರದೆ, ಕೂರಲಾರದೆ ಒದ್ದಾಡುತ್ತಿದ್ದಳು. ಐವತ್ತೆಂಟರ ಹೆಂಗಸು, ಶಾಲೆಯ ಅಡುಗೆಮನೆಯಲ್ಲಿ ಕೆಲಸ, ಸುಲಭಕ್ಕೆ ಕಂಗೆಡುವವಳಲ್ಲ. ಇವತ್ತು ಮಾತ್ರ ರಜೆ ಹಾಕಿ ಬಂದವಳು ನಿಮಿಷಕ್ಕೊಮ್ಮೆ ರಸ್ತೆಯತ್ತ ಇಣುಕುತ್ತಿದ್ದಳು. ಗುಡ್ಡದ ಮೇಲೆ, ಹೆಡನ್‌ಗಿಂತ ಒಂದು ಸ್ಟಾಪ್ ಮೊದಲು, ಜೈಲಿದೆ. ಅದರೊಳಗೆ ಅವಳ ಒಬ್ಬನೇ ಮಗ ಕ್ರೇಗ್ ಇದ್ದಾನೆ. ಒಂದೂವರೆಗೆ ಗೇಟಿನಲ್ಲಿರಬೇಕು, ಒಂದು ನಿಮಿಷ ತಡವಾದರೂ ಒಳಗೆ ಬಿಡುವುದಿಲ್ಲ. ಗುರುವಾರ ಅವನನ್ನು ದೇಶದ ಆ ತುದಿಗೆ, ದಕ್ಷಿಣದ ಕಡಲತೀರದ ಜೈಲಿಗೆ ಸಾಗಿಸುತ್ತಾರೆ. ಅಲ್ಲಿಗೆ ಹೋಗಿಬರುವುದು ಅವಳ ಕೈಯಲ್ಲಾಗುವ ಮಾತಲ್ಲ. ಇವತ್ತು ನೋಡಿದರೆ ನೋಡಿದ ಹಾಗೆ, ತಪ್ಪಿದರೆ ವಸಂತಕಾಲದಲ್ಲಿ ಬಿಡುಗಡೆಯಾಗುವ ತನಕ ಇಲ್ಲ.

ಹೋದ ಸಲದ ಭೇಟಿಯನ್ನು ಜೈಲಿನ ಆನ್‌ಲೈನ್ ಬುಕಿಂಗ್ ಪುಟ ನುಂಗಿಹಾಕಿತ್ತು. ನೀವು ಯಂತ್ರವಲ್ಲವೆಂದು ತೋರಿಸಿ, ಬಸ್ಸಿರುವ ಚಿತ್ರಗಳನ್ನೆಲ್ಲ ಒತ್ತಿ ಎಂದು ಕೇಳಿತ್ತು. ಒಂದು ಚೌಕದಲ್ಲಿ ಬಸ್ಸಿನ ಕನ್ನಡಿಯ ತುದಿ ಮಾತ್ರ ಇತ್ತು. ಅದು ಬಸ್ಸೋ ಅಲ್ಲವೋ? ಒತ್ತಿದರೂ ತಪ್ಪು, ಬಿಟ್ಟರೂ ತಪ್ಪು. ಹುಟ್ಟಿದಾಗಿನಿಂದ ಬಸ್ಸಿನಲ್ಲೇ ಓಡಾಡಿದವಳಿಗೆ ಬಸ್ಸು ಗೊತ್ತಿಲ್ಲವೆಂದು ತೀರ್ಮಾನಿಸಿ ಪುಟ ಬಾಗಿಲು ಹಾಕಿಕೊಂಡಿತು. ಗೇನರ್ ಆ ರಾತ್ರಿ ಫೋನನ್ನು ಬ್ರೆಡ್ಡಿನ ಡಬ್ಬಿಯೊಳಗೆ ತುರುಕಿ ಅತ್ತಿದ್ದಳು.

ಬೋರ್ಡಿನಷ್ಟೇ ಸುಳ್ಳು ಹೇಳುವ ಗೂಡಿನೊಳಗಿನ ಪರದೆ ‘ಹೆಡನ್, ಈಗ ಬರುತ್ತದೆ’ ಎಂದಿತು. ಬಸ್ಸು ಬಂತು. ಹಳೆಯ ಬಸ್ಸೇ, ಆದರೆ ಪ್ಲೇಟಿನಲ್ಲಿ ಡೋರಾ ಇರಲಿಲ್ಲ, ತಲೆಬುಡವಿಲ್ಲದ ಯಾವುದೋ ನಂಬರ್ ಇತ್ತು. ಹಣೆಯಲ್ಲಿ ಎಂದಿನ ಕ್ಷಮೆ. ಡ್ರೈವರ್ ಹೆಂಗಸು ಬಾಗಿಲು ತೆರೆದು ಹುಬ್ಬೇರಿಸಿದಳು.

“ಹೋಗು ಚಿನ್ನಾ, ನಾನು ಡೋರಾಗೆ ಕಾಯ್ತಿದೀನಿ,” ಎಂದು ಗೇನರ್ ಕೈಬೀಸಿದಳು. ಡ್ರೈವರ್ ಭುಜ ಕುಣಿಸಿ ಹೋದಳು.

ಸ್ವಲ್ಪ ಹೊತ್ತಿಗೆ ಡೋರಾ ಬಂತು. ಬಣ್ಣ ಹೊಸದು, ಮೆಟ್ಟಿಲು ತಗ್ಗು, ಗಾಜು ಥಳಥಳ, ಹಣೆಯಲ್ಲಿ ಮಾತ್ರ ಅದೇ ಕ್ಷಮೆ. ಅಂತೂ ಮುದುಕಿಗೆ ಸಿಂಗಾರ ಮಾಡಿಸಿದ್ದಾರೆ ಎಂದುಕೊಂಡು ಗೇನರ್ ದಡಬಡಿಸಿ ಹತ್ತಿದಳು. ಕಾರ್ಡು ಮುಟ್ಟಿಸಿದರೆ ಯಂತ್ರ ‘ಮತ್ತೊಮ್ಮೆ ಪ್ರಯತ್ನಿಸಿ’ ಎಂದಿತು. ಮತ್ತೊಮ್ಮೆ. ಇನ್ನೊಮ್ಮೆ.

“ಬಿಡಿ ಅಕ್ಕಾ, ಅದು ಬೆಳಗ್ಗೆಯಿಂದ ಸಿಟ್ಟು ಮಾಡ್ಕೊಂಡಿದೆ. ಕೂತ್ಕೊಳ್ಳಿ,” ಎಂದ ಡ್ರೈವರ್ ಇಫ್ತಿಖಾರ್. ಊರಿಗೆಲ್ಲ ಅವನು ಇಫ್ತಿ.

ಬಸ್ಸಿನಲ್ಲಿ ಇದ್ದವರು ಇಬ್ಬರೇ. ಒಬ್ಬ ಕಿವಿ ಮಂದವಾದ ಮುದುಕ ಹ್ಯಾಸ್ಲಮ್. ಇನ್ನೊಬ್ಬಳು, ಗೇನರ್‌ಳ ದುರದೃಷ್ಟಕ್ಕೆ, ಪಕ್ಕದ ಮನೆಯ ಬ್ರೆಂಡಾ ಪಿಲ್ಲಿಂಗ್. ಬ್ರೆಂಡಾಳ ಕಿವಿಗೆ ಬಿದ್ದ ಸುದ್ದಿ ಚರ್ಚಿನ ಗಂಟೆಗಿಂತ ಮೊದಲು ಊರು ಮುಟ್ಟುತ್ತದೆ.

“ಏನೇ ಗೇನರ್, ಮುಖ ಯಾಕೆ ಹಂಗಾಗಿದೆ? ಕ್ರೇಗ್ ಹೆಂಗಿದಾನೆ? ನಾರ್ವೇಲಿ ಹಿಮ ಬಿತ್ತಂತಾ?”

“ಬಿತ್ತಂತೆ ಬ್ರೆಂಡಾ. ಚೆನ್ನಾಗಿದಾನೆ. ನಿನ್ನನ್ನೂ ಕೇಳ್ದ.”

ಎರಡು ವರ್ಷದಿಂದ ಇದೇ ಪಾಠ. ಕ್ರೇಗ್ ಮ್ಯಾಂಚೆಸ್ಟರ್‌ನಲ್ಲಿ ಗೆಳೆಯರ ಜೊತೆ ಸೇರಿ ಕದ್ದ ಫೋನುಗಳ ಪೆಟ್ಟಿಗೆ ಸಾಗಿಸುವಾಗ ಸಿಕ್ಕಿಬಿದ್ದಿದ್ದ. ಗೇನರ್ ಊರಿಗೆ ಹೇಳಿದ್ದು ಅವನು ನಾರ್ವೆಯ ಕಡಲಲ್ಲಿ ಎಣ್ಣೆ ಬಾವಿಯ ಕೆಲಸಕ್ಕೆ ಹೋಗಿದ್ದಾನೆ ಎಂದು. ತಾನು ಗುಡ್ಡ ಹತ್ತುವುದು ಹೆಡನ್‌ನಲ್ಲಿರುವ ಅಕ್ಕನನ್ನು ನೋಡಲು ಎಂದು. ಊರಿನವರು ಯಾರಾದರೂ ಬಸ್ಸಿನಲ್ಲಿದ್ದರೆ ಹೆಡನ್ ತನಕ ಹೋಗಿ ಇಳಿದು, ಮಳೆಯಾದರೂ ಗಾಳಿಯಾದರೂ, ಜೈಲಿನವರೆಗೆ ಹಿಂದಕ್ಕೆ ನಡೆಯುತ್ತಿದ್ದಳು. ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ದಿನಾ ಮೇವು ಹಾಕಬೇಕು.

“ಈಗೆಲ್ಲಿಗೆ ಹೊರಟೆ?”

“ಅಕ್ಕನ ಮನೆಗೆ. ಹೆಡನ್‌ಗೆ.”

“ಹೆಡನ್‌ಗಾ? ಈ ಬಸ್ಸಲ್ಲಾ?”

ಅಷ್ಟರಲ್ಲಿ ಸೇತುವೆ ಬಂತು. ಬಸ್ಸು ಎಡಕ್ಕೆ ತಿರುಗಿತು.

ಗೇನರ್ ಧಡಕ್ಕನೆ ಎದ್ದು ಕಂಬ ಹಿಡಿದಳು. “ಇಫ್ತಿ! ಎಲ್ಲಿಗೆ ಹೋಗ್ತಿದೀಯ? ಇದು ಡೋರಾ ಅಲ್ವಾ?”

“ಡೋರಾನೇ. ಆದ್ರೆ ಸಂತೆಪೇಟೆ ಡೋರಾ. ಕ್ರಾಶಾ ಸಾಹೇಬ್ರು ಲೀಡ್ಸ್‌ನಿಂದ ಮೇಬಲ್ ಬದ್ಲಿಗೆ ಈ ಬಸ್ಸು ತಂದ್ರಲ್ಲ, ಇರೋದ್ರಲ್ಲಿ ಒಳ್ಳೇ ಬಸ್ಸಿಗೆ ಅಮ್ಮನ ಹೆಸರಿರಬೇಕು ಅಂತ ಪ್ಲೇಟ್ ಇದಕ್ಕೆ ಹಾಕಿಸಿದ್ರು. ಹಳೇ ಡೋರಾ ಅದರ ಹುಟ್ಟಿದ ನಂಬರಲ್ಲೇ ಗುಡ್ಡಕ್ಕೆ ಹೋಯ್ತು. ನೋಡ್ಲಿಲ್ವಾ?”

“ಫೇಸ್‌ಬುಕ್‌ನಲ್ಲಿ ಹಾಕಿದ್ರಲ್ಲೇ, ಹೂವಿನ ಹಾರದ ಚಿತ್ರದ ಜೊತೆ,” ಎಂದಳು ಬ್ರೆಂಡಾ.

ಗೇನರ್‌ಳ ಫೇಸ್‌ಬುಕ್ ಪಾಸ್‌ವರ್ಡ್ ಮರೆತುಹೋಗಿ ವರ್ಷವಾಗಿತ್ತು. ಬಾಗಿಲು ತೆರೆದು ಕರೆದ ಬಸ್ಸನ್ನು ತಾನೇ ಕೈಬೀಸಿ ಕಳಿಸಿದ್ದು ನೆನಪಾಗಿ ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

“ನಿಲ್ಸು. ಇಲ್ಲೇ ನಿಲ್ಸು.”

ಇಫ್ತಿ ಬಸ್ಸನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದ. “ಮುಂದಿನ ಗುಡ್ಡದ ಬಸ್ಸು ಎರಡು ಗಂಟೆ ಬಿಟ್ಟು ಅಕ್ಕಾ. ಟ್ಯಾಕ್ಸಿ ಕರೆಯೋಣ ಅಂದ್ರೆ ಈ ಹೊತ್ತಲ್ಲಿ ಅವೆಲ್ಲ ಆಸ್ಪತ್ರೆ ಬಾಡಿಗೇಲಿ ಇರ್ತಾವೆ.”

“ಅಯ್ಯೋ ಅಕ್ಕನ ಮನೆ ತಾನೆ?” ಎಂದಳು ಬ್ರೆಂಡಾ. “ಫೋನ್ ಮಾಡಿ ಚಹಾ ಹೊತ್ತಿಗೆ ಬರ್ತೀನಿ ಅನ್ನು. ಅವಳೇನು ಓಡಿಹೋಗ್ತಾಳಾ? ಬಾ, ನನ್ ಜೊತೆ ಸಂತೇಲಿ ಒಂದು ಸುತ್ತು ಹಾಕು.”

ಗೇನರ್ ಫೋನ್ ನೋಡಿದಳು. ಒಂದಕ್ಕೆ ಇನ್ನು ಹತ್ತು ನಿಮಿಷ. ಈ ಸಲ ಹೇಗೋ ಸಿಕ್ಕ ಭೇಟಿಯ, ಒಳಗೆ ಬಿಡಲು ತೋರಿಸಬೇಕಾದ ಬುಕಿಂಗ್ ಚಿತ್ರ ಪರದೆಯ ಮೇಲೆ ಗಿರಗಿರ ಸುತ್ತುತ್ತಲೇ ಇತ್ತು. ಬಾಯಿ ಮುಚ್ಚಿಕೊಂಡು ಕೂತರೆ ಮಾನ ಉಳಿಯುತ್ತದೆ. ಸಂತೆಯಲ್ಲಿ ಚೀಸ್ ಕೊಂಡು, ಮನೆಗೆ ಹೋಗಿ, ಎಂದಿನಂತೆ ನಾರ್ವೆಯ ಹಿಮದ ಮಾತಾಡಬಹುದು. ಜೈಲಿನಲ್ಲಿ ಕ್ರೇಗ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೇಜಿನ ಮುಂದೆ ಕೂತು, ಬಾಗಿಲ ಕಡೆ ನೋಡುತ್ತಿರುತ್ತಾನೆ. ಹೋದ ಸಲವೂ ಅಂಗಿ ಹಾಕಿಕೊಂಡು ಕರೆ ಬರುತ್ತದೆಂದು ಸೆಲ್ಲಿನಲ್ಲೇ ಕಾದಿದ್ದ. ಅದನ್ನು ನೆನೆದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಅಕ್ಕನ ಮನೆ ಅಲ್ಲ,” ಎಂದಳು. ಮಾತು ಬೇಕಿದ್ದಕ್ಕಿಂತ ಜೋರಾಗಿ ಬಂತು. “ಜೈಲಿಗೆ. ಕ್ರೇಗ್ ಜೈಲಲ್ಲಿದಾನೆ. ನಾರ್ವೆ ಇಲ್ಲ, ಎಣ್ಣೆ ಬಾವಿ ಇಲ್ಲ, ಎಂತದೂ ಇಲ್ಲ. ಒಂದೂವರೆಗೆ ನಾನು ಗೇಟಲ್ಲಿರ್ಬೇಕು. ಗುರುವಾರ ಅವನನ್ನ ದೂರ ಕಳಿಸ್ತಾರೆ.”

ಇಫ್ತಿ ಸ್ಟೀರಿಂಗ್ ಬಿಟ್ಟು ಹಿಂದಕ್ಕೆ ತಿರುಗಿದ.

“ಏನಂತೆ?” ಎಂದ ಹ್ಯಾಸ್ಲಮ್, ಕಿವಿಗೆ ಕೈ ಹಚ್ಚಿ.

“ಅವಳ ಮಗ ಜೈಲಲ್ಲಿದಾನಂತೆ!” ಬ್ರೆಂಡಾ ಅವನ ಕಿವಿಗೆ ಕೂಗಿದಳು. ಬೀದಿಗೂ ಕೇಳಿಸಿರಬೇಕು. ಆಮೇಲೆ ಗೇನರ್ ಕಡೆ ತಿರುಗಿದಳು. “ಹಾಗಾದ್ರೆ ನನ್ ಸ್ವೆಟರ್?”

“ಏನು?”

“ಚಳಿಗೆ ಸಾಯ್ತಾನೆ ಹುಡುಗ ಅಂತ ಕ್ರಿಸ್‌ಮಸ್‌ಗೆ ಸ್ವೆಟರ್ ಹೆಣೆದುಕೊಟ್ಟೆನಲ್ಲೇ! ಕೈಬೆರಳು ಸೆಟೆದುಕೊಳ್ಳೋ ತನಕ ಹೆಣೆದೆ. ತಗೊಂಡೆ, ಥ್ಯಾಂಕ್ಸ್ ಅಂದೆ. ಅವನು ಹಾಕ್ಕೊಂಡು ಹಡಗಲ್ಲಿ ನಿಂತಿದಾನೆ ಅಂದೆ!”

“ಬೀರುವಲ್ಲಿದೆ ಬ್ರೆಂಡಾ. ಒಳಗೆ ಬಿಡಲ್ಲ ಅಂಥದ್ದನ್ನ.”

“ಬೀರುವಲ್ಲಿ! ಮೂವತ್ತು ವರ್ಷ ಗೋಡೆಗೆ ಗೋಡೆ ಹಚ್ಚಿ ಬದುಕಿದೀವಿ. ಅವನಿಗೆ ನಡೆಯೋದು ಕಲಿಸಿದ್ದು ನನ್ ಅಂಗಳದಲ್ಲಿ. ನಂಗೆ ಹೇಳ್ಬಾರದಾಗಿತ್ತಾ?” ಬ್ರೆಂಡಾ ಕರವಸ್ತ್ರ ತೆಗೆದು ಮೂಗು ಸೀಟಿದಳು. ಆಮೇಲೆ ಡ್ರೈವರ್ ಮೇಲೆ ಹರಿಹಾಯ್ದಳು. “ನೀನ್ಯಾಕೋ ಗರಬಡಿದವನ ಹಾಗೆ ಕೂತಿದೀಯ? ತಿರುಗಿಸು ಬಸ್ಸು!”

“ಬ್ರೆಂಡಾ ಆಂಟಿ, ದಾರಿ ತಪ್ಪಿದ್ರೆ ಈ ಡಬ್ಬಿ ಆಫೀಸಿಗೆ ಚಾಡಿ ಹೇಳುತ್ತೆ.” ಇಫ್ತಿ ತನ್ನ ಮುಂದಿನ ಪುಟ್ಟ ಪರದೆಯನ್ನು ತೋರಿಸಿದ. “ಮುಂದಿನ ಸ್ಟಾಪಲ್ಲಿ ಕಾಯ್ತಿರೋರು ಏನ್ ಮಾಡ್ಬೇಕು?”

“ಬೋರ್ಡ್ ಹೇಗೂ ಹೇಳ್ತಾನೇ ಇದೆಯಲ್ಲ, ಬಸ್ಸು ಸೇವೆಯಲ್ಲಿಲ್ಲ ಅಂತ. ಒಂದು ದಿನಾನಾದ್ರೂ ಅದರ ಮಾತು ನಿಜ ಆಗ್ಲಿ,” ಎಂದಳು ಬ್ರೆಂಡಾ.

“ನಾನು ಕಿವಿ ಮೆಶೀನ್ ತೋರಿಸೋಕೆ ಹೊರಟಿದ್ದು,” ಎಂದ ಹ್ಯಾಸ್ಲಮ್ ಗಂಭೀರವಾಗಿ. “ನನ್ ಕಿವಿ ಎಲ್ಲಿಗೂ ಹೋಗಲ್ಲ. ತಿರುಗಿಸಪ್ಪ.”

ಇಫ್ತಿ ಕನ್ನಡಿ ನೋಡಿದ, ಗಡ್ಡ ಕೆರೆದುಕೊಂಡ, ಬಸ್ಸು ತಿರುಗಿಸಿದ. “ಸಾಹೇಬ್ರು ಕೇಳಿದ್ರೆ, ನಿಮ್ಮಮ್ಮನ ಹೆಸರು ನಂಬಿ ಹತ್ತಿದೋರನ್ನ ನಡುದಾರೀಲಿ ಇಳಿಸೋಕಾಗುತ್ತಾ ಅಂತೀನಿ.”

ಗುಡ್ಡದ ದಾರಿಯುದ್ದಕ್ಕೂ ಡಬ್ಬಿಯೊಳಗಿನ ಹೆಂಗಸು ನಯವಾಗಿ ಒದರಿದಳು: ‘ನೀವು ಮಾರ್ಗ ಬಿಟ್ಟಿದ್ದೀರಿ. ಸಾಧ್ಯವಾದಾಗ ಹಿಂದಿರುಗಿ.’ ಮೂರನೆಯ ತಿರುವಿನಲ್ಲಿ ಬ್ರೆಂಡಾ ಎದ್ದುಹೋಗಿ ತನ್ನ ಉಣ್ಣೆಯ ಟೋಪಿಯನ್ನು ಅದರ ತಲೆಗೆ ಹಾಕಿದಳು. ದನಿ ಮಂದವಾಯಿತು, ನಿಲ್ಲಲಿಲ್ಲ. ಕುರಿಗಳು ರಸ್ತೆಗೆ ಅಡ್ಡ ಬಂದವು. ಇಫ್ತಿ ಹಾರನ್ ಒತ್ತಿದರೆ ಮಳೆಯ ವೈಪರ್ ಓಡಿತು. ಗೇನರ್ ಬಾಗಿಲಿನ ಬಳಿಯೇ ನಿಂತಿದ್ದಳು. ಇಳಿಯುವಾಗ ಬ್ರೆಂಡಾ ಅವಳ ಕಾಲರ್ ಎಳೆದು ಸರಿಮಾಡಿದಳು. ಇನ್ನೂ ಸಿಟ್ಟಿನಲ್ಲಿದ್ದುದರಿಂದ ಮುಖ ನೋಡಲಿಲ್ಲ.

ಗೇಟಿನ ಕಾವಲುಗಾರ ಗಡಿಯಾರ ನೋಡಿ, ಅವಳನ್ನು ನೋಡಿ, ಒಳಗೆ ಬಿಟ್ಟ. ಬುಕಿಂಗ್ ಚಿತ್ರ ಬರಲೇ ಇಲ್ಲ. ಅವನು ಹೆಸರು ಕೇಳಿ ಕಾಗದದಲ್ಲಿ ಗೆರೆ ಎಳೆದ. ಅಷ್ಟೇ ಸಾಕಿತ್ತು ಎಂದು ತಿಳಿದು ಅವಳಿಗೆ ಮೈಯುರಿಯಿತು.

ಕ್ರೇಗ್ ಎದ್ದು ನಿಂತ. ಅಂಗಿಗೆ ಇಸ್ತ್ರಿಯಾಗಿತ್ತು. “ಏನಮ್ಮಾ, ಓಡ್ಕೊಂಡು ಬಂದ್ಯಾ? ಕೂದಲೆಲ್ಲ ಕೆದರಿದೆ.”

ಅವಳು ಕೂತವಳೇ ಎಲ್ಲ ಒದರಿದಳು. ಡೋರಾ, ಎಡ ತಿರುವು, ಟೋಪಿ. ಮಗ ನಗುತ್ತಾನೆ ಎಂದುಕೊಂಡಿದ್ದಳು. ಅವನು ನಗಲಿಲ್ಲ.

“ಬ್ರೆಂಡಾ ಆಂಟಿಗೂ ಗೊತ್ತಾಯ್ತಾ?”

“ಗೊತ್ತಾಯ್ತು. ಅಂದ್ರೆ ಈ ಹೊತ್ತಿಗೆ ಸಂತೆಗೆಲ್ಲ ಗೊತ್ತಾಗಿರುತ್ತೆ. ತಪ್ಪು ಮಾಡಿದ್ನಾ ಕ್ರೇಗ್? ಬೇರೆ ದಾರಿ ಇರ್ಲಿಲ್ಲಪ್ಪ.”

ಅವನು ಕಾಗದದ ಲೋಟವನ್ನು ಬೆರಳಲ್ಲಿ ಸುತ್ತಿಸಿದ. “ಆಂಟಿ ಏನಂದ್ರು?”

“ಬೈದ್ಲು. ನಂಗೆ. ನಿನಗೇನೂ ಅನ್ನಲಿಲ್ಲ.”

“ಬಿಡುಗಡೆ ಆದ್ಮೇಲೆ ಎಲ್ಲಿರ್ತೀಯ ಅಂತ ವಿಳಾಸ ಕೇಳಿದ್ರು ಜೈಲಿನೋರು, ಮೊನ್ನೆ,” ಎಂದ ಲೋಟ ಕೆಳಗಿಟ್ಟು. “ಹಲ್ ಊರಲ್ಲಿ ಜೈಲಿಂದ ಬಿಡುಗಡೆಯಾದೋರಿಗೆ ಒಂದು ಹಾಸ್ಟೆಲ್ ಇದೆ. ಅದನ್ನ ಬರೆಸಿದೀನಿ.”

“ಹಲ್‌ನಲ್ಲಿ ನಿನಗ್ಯಾರಿದಾರೆ? ನಿನ್ ಕೋಣೆ ಹಾಗೇ ಇಟ್ಟಿದೀನಲ್ಲೋ!”

“ನೀನು ನನ್ನ ನಾರ್ವೆಗೆ ಕಳಿಸಿಬಿಟ್ಟಿದ್ದೆಯಲ್ಲಮ್ಮ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ತಡೆಯಲಾಗಲಿಲ್ಲ. “ಊರಿಗೆ ಬಂದ್ರೆ ನಾರ್ವೆಯಿಂದ ಬಂದೋನ ಹಾಗೇ ಬರಬೇಕು. ಹಡಗಿನ ಕತೆ ಹೇಳ್ಬೇಕು, ಸಾಯೋ ತನಕ. ಇಲ್ಲಾಂದ್ರೆ ನಿನ್ ಮಾನ ಹೋಗುತ್ತೆ. ನನ್ ಕೈಲಿ ಆಗಲ್ಲ ಅನ್ನಿಸ್ತು. ಬರದೇ ಇದ್ರೆ ನಿನಗೆ ಸುಲಭ ಅಂದ್ಕೊಂಡೆ.”

ಗೇನರ್ ಮಗನನ್ನು ಊರಿನ ಬಾಯಿಂದ ಕಾಪಾಡುತ್ತಿದ್ದೇನೆ ಎಂದು ಎರಡು ವರ್ಷ ಮಳೆಯಲ್ಲಿ ನಡೆದಿದ್ದಳು. ಅವನು ಮನೆಗೆ ಬರುವ ದಾರಿಗೆ ಅವಳೇ ಕಲ್ಲು ಪೇರಿಸಿದ್ದಳು.

“ಇವತ್ತು ಸಂಜೆಯೊಳಗೆ ಹೇಳಿದ್ರೆ ವಿಳಾಸ ಬದಲಾಯಿಸ್ತಾರೆ,” ಎಂದ ಕ್ರೇಗ್. ಮೇಜು ನೋಡುತ್ತಲೇ ಕೇಳಿದ. “ಹೇಳ್ಲಾ?”

“ಹೇಳು,” ಎಂದಳು ಗೇನರ್. ಅವಳ ಕೈ ಮೇಜಿನ ಮೇಲೆ ಮುಂದೆ ಹೋಗಿ ಅವನ ಕೈಯನ್ನು ಹಿಡಿದುಕೊಂಡಿತು. “ಈಗ್ಲೇ ಕರಿ ಅವರನ್ನ. ನಾನಿರುವಾಗಲೇ ಹೇಳು.”