ಕೆಂದೆಂಗಿನ ಎಳನೀರು

ಎಳನೀರು ಕೆಂದೆಂಗಿನದೋ ಹಸಿರು ತೆಂಗಿನದೋ ಎಂಬ ಗಹನವಾದ ಪ್ರಶ್ನೆಯೊಂದು ಡಯಾಲಿಸಿಸ್ ಕೋಣೆಯ ಹೊರಗಿನ ಈ ಬೆಂಚಿನ ಮೇಲೆ ಇತ್ಯರ್ಥವಾಗಬೇಕಾಗಿದೆ, ಇವರ ಅಕ್ಕ ಅಕ್ಕನಾಗಮ್ಮ ಹರಿಹರದಿಂದ ತಂದದ್ದು ಕೆಂದೆಂಗಿನದಂತೆ, ಅದು ತಂಪಂತೆ, ಇದುವರೆಗೆ ಯಾರಿಗೂ ಕೆಟ್ಟದ್ದು ಮಾಡಿಲ್ಲವಂತೆ, ತೆಂಗಿನ ಮರಕ್ಕೂ ನಡತೆಯ ಸರ್ಟಿಫಿಕೇಟು — ಒಳಗೆ ಯಂತ್ರ ತಿರುಗುತ್ತಿದೆ, ನನ್ನ ಗಂಡನ ರಕ್ತ ಕೊಳವೆಯಲ್ಲಿ ಹೊರಗೆ ಬಂದು ತೊಳೆಸಿಕೊಂಡು ಒಳಗೆ ಹೋಗುತ್ತಿದೆ, ನನ್ನ ಕಾಲಲ್ಲಿ ಒಂದು ಚಪ್ಪಲಿ ನನ್ನದು, ಒಂದು ಅಕ್ಕಂದು, ಹಾಗೆ ಓಡಿಬಂದಿದ್ದೇವೆ ಕೆ.ಬಿ. ಬಡಾವಣೆಯ ಮನೆಯಿಂದ — ನಾಲ್ಕು ವರ್ಷದಿಂದ ಇದೇ ಯಂತ್ರ, ಅದರ ಮೇಲೆ ಎದೆನೋವು, ಹೃದಯದ ರಕ್ತನಾಳ ಕಟ್ಟಿವೆ, ಬೈಪಾಸ್ ಆಗಬೇಕು ಅಂದರು, ಮಾಡಿರಿ ಅಂದರೆ ಕಿಡ್ನಿ ಹೋದವರ ಎದೆ ತೆರೆಯೋದು ಹೆಂಗಮ್ಮ, ಕಿಡ್ನಿಯವರನ್ನು ಕೇಳ್ರಿ, ಕಿಡ್ನಿಯವರು ಹೃದಯದವರನ್ನು ಕೇಳ್ರಿ, ದಾಯಾದಿಗಳು ಹೊಲ ಹಂಚಿಕೊಂಡ ಹಾಗೆ ಒಂದೇ ಮೈಯಲ್ಲಿ ಬದು ಹಾಕಿಕೊಂಡಿದ್ದಾರೆ, ಬದುವಿನ ಮೇಲೆ ನಿಂತ ಮನುಷ್ಯ ಯಾರ ಪಾಲಿಗೂ ಇಲ್ಲ, ಕೊನೆಗೆ ಮದ್ರಾಸಿನ ಸರ್ಜನ್ ಒಬ್ಬರು ಒಪ್ಪಿದರು, ಅದೂ ಒಲ್ಲದ ಮನಸ್ಸಿನಿಂದ, ಸೋಮವಾರಕ್ಕೆ ಬನ್ನಿ, ಅಲ್ಲಿವರೆಗೆ ಪೊಟ್ಯಾಸಿಯಂ ಏರಬಾರದು, ಏರಿದರೆ ಹೃದಯ ಅಲ್ಲೇ ನಿಲ್ಲುತ್ತೆ, ಹಣ್ಣು ಬೇಡ, ಎಳನೀರಂತೂ ವಿಷ.

ಹೇಳಿದ್ದೆ, ಎಲ್ಲರಿಗೂ ಹೇಳಿದ್ದೆ, ಆದರೆ ಆಪರೇಷನ್ನಿಗೆ ಹೊರಟವರನ್ನು ನೋಡಲು ನಮ್ಮವರು ಬರಿಗೈಲಿ ಬರುತ್ತಾರೆಯೇ, ಇವರ ಅಂಗಡಿಯಿರುವ ಮಂಡಿಪೇಟೆಯ ಅರ್ಧ ಬೀದಿ ಬಂತು, ಮೋಸಂಬಿ, ಬಾಳೆಹಣ್ಣು, ತಿನ್ನದಿದ್ದರೆ ಮುಖ ಸಣ್ಣದು, ಪಕ್ಕದಂಗಡಿ ಹಯಾತ್ ಸಾಬ್ ಒಬ್ಬರೇ ಏನು ತರಲಿ ಅಂತ ಮೊದಲು ಕೇಳಿ, ಏನೂ ಬ್ಯಾಡ ಅಂದದ್ದಕ್ಕೆ ನಿಜವಾಗಿಯೂ ಏನೂ ತರದೆ ಬಂದು ಇವರನ್ನು ನಗಿಸಿ ಹೋದರು, ಅದಕ್ಕೂ ಅಕ್ಕ, ನೋಡು ಬರಿಗೈಲಿ ಬಂದ ಅಂದರು — ಇವತ್ತು ನಾನು ಬಚ್ಚಲಿಗೆ ಹೋದದ್ದೇ ತಡ, ಅಕ್ಕ ಮಚ್ಚು ಹುಡುಕಿ ಎರಡು ಎಳನೀರು ಕೆತ್ತಿ ಕುಡಿಸಿಬಿಟ್ಟರು, ಇವರೂ ಕುಡಿದರು, ವರ್ಷಗಟ್ಟಲೆ ಗುಟುಕು ಗುಟುಕು ನೀರಿನಲ್ಲಿ ನಾಲಗೆ ಒಣಗಿಸಿಕೊಂಡವರು, ಹೊರಗೆ ಬಂದು ನೋಡಿದರೆ ತುಟಿ ಒದ್ದೆ, ಮುಖದಲ್ಲಿ ನಾನು ಮರೆತೇಹೋಗಿದ್ದ ಒಂದು ಸುಖ, ಮಧ್ಯಾಹ್ನದ ಹೊತ್ತಿಗೆ ಕೈಕಾಲು ಬಿದ್ದುಹೋಗಿ ನಾಡಿ ತಪ್ಪಿತು — ನಾನೇನು ಇಸ ಕೊಟ್ನೇನೇ ಮಂಗಳಾ, ಅವನ್ನ ಎತ್ತಿ ಆಡಿಸಿದ ಕೈ ಇದು, ಹೌದು ಅಕ್ಕಾರೆ, ಇಸಾನ ಕೊಟ್ರಿ, ಅಂದೆನೋ ಅಂದುಕೊಂಡೆನೋ, ಅಕ್ಕ ಸುಮ್ಮನಾಗಿದ್ದಾರೆ, ಹಾಗಾದರೆ ಅಂದೇ ಬಿಟ್ಟಿದ್ದೇನೆ, ಇರಲಿ, ಒಂದು ಮಾತಾದರೂ ತಲುಪಬೇಕಾದಲ್ಲಿ ತಲುಪಲಿ —

ಡಾಕ್ಟರು ಹೊರಗೆ ಬಂದರು, ಯಜಮಾನ್ರು ಉಳ್ಕೊಂಡ್ರಮ್ಮ, ಕೂಡ್ರಿ, ಮದ್ರಾಸಿಗೆ ಟ್ರಂಕ್ ಕಾಲ್ ಮಾಡಿದ್ದೆ, ಹೃದಯಕ್ಕೆ ಇನ್ನಷ್ಟು ಪೆಟ್ಟಾಗೈತೆ, ಈಗ ಕೈ ಹಾಕಲ್ಲ ಅಂದ್ರು, ಮುಂದೆ ಯಾವಾಗ ಅಂತ ನಾನು ಕೇಳಿದೆ, ಡಾಕ್ಟರು ತಮ್ಮ ಗಡಿಯಾರ ನೋಡಿಕೊಂಡರು, ಮದ್ರಾಸಿನವರು ಎಷ್ಟು ಬೇಗ ಇಲ್ಲ ಅಂದರು, ಎಷ್ಟು ಹಗುರಾಗಿ, ಒಲ್ಲದವರಿಗೆ ನೆವವೊಂದು ಬೇಕಿತ್ತು, ಅದನ್ನೂ ನಮ್ಮ ಮನೆಯಲ್ಲೇ ಕೆತ್ತಿ ಕೊಟ್ಟೆವು — ಬೈಪಾಸ್ ಮಾಡುವುದಿಲ್ಲ.