ಉಪ್ಪುಗಾಳಿಗೆ ಮೂರು ಕೋಟು ವಾರ್ನಿಷ್

ಎರಡು ವರ್ಷ ಎನ್ನಲೇ, ಹತ್ತು ವರ್ಷ ಎನ್ನಲೇ? ಎರಡು ಎಂದರೆ ಭಾವ ದೋಣಿ ಮಾರುವುದಿಲ್ಲ; ಬರಿದಾದ ನೀರಿಗೆ ಬಲೆ ಬೀಸಿ ಬೀಸಿ ಇನ್ನಷ್ಟು ಸೋಲುತ್ತಾನೆ. ಹತ್ತು ಎಂದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾನೆ. ಮುಜಾಮಿಲ್ ಆಗಲೇ ಬಿಗಿಯಾಗಿದ್ದ ಬೋಲ್ಟನ್ನೇ ಮತ್ತೆ ಬಿಗಿ ಮಾಡುತ್ತಿದ್ದ.

ಅಕ್ಕ ಇರ್ಫಾನಾಳ ಗಂಡ ಶಹನವಾಜ್ ಬೆಳಿಗ್ಗೆ ಗಂಗೊಳ್ಳಿಯಿಂದ ಬಂದಿಳಿದಿದ್ದ. ಚಳ್ಳಕೆರೆಯ ಈ ಜನರೇಟರ್ ವರ್ಕ್‌ಶಾಪಿನ ಮುಂದೆ, ಬೇವಿನ ಮರದ ಕೆಳಗೆ ಕೂತು ಅವನು ಕೇಳಿದ್ದು ಒಂದೇ ಮಾತು.

"ನೀನು ಓದಿದವ, ಮಷಿನು ತಿಳಿದವ. ನಮ್ಮಲ್ಲಿ ದೊಡ್ಡ ಬೋಟಿನವರು ಜನರೇಟರ್ ಇಟ್ಟು ದೀಪ ಹಾಕಿ ಮೀನು ಹಿಡಿಯುವುದು ಗೊತ್ತುಂಟಲ್ಲ? ಬಂದ್ ಮಾಡಿ ಅಂತ ಸರ್ಕಾರ ಹೇಳಿದೆ, ಯಾರು ಕೇಳ್ತಾರೆ ಮಾರಾಯ. ಆದರೆ ಉಪ್ಪುಗಾಳಿಗೆ ಆ ಜನರೇಟರ್ ಎರಡು ವರ್ಷದಲ್ಲಿ ಸುಟ್ಟುಹೋಗ್ತದೆ, ಖರ್ಚು ಗಿಟ್ಟದೆ ಅವರೇ ಬಿಡ್ತಾರೆ ಅಂತ ಬಂದರಿನಲ್ಲಿ ಎಲ್ಲ ಹೇಳ್ತಾರೆ. ಹೌದಾ? ಹೌದಾದರೆ ನನ್ನ ನಾಡದೋಣಿ ಇಟ್ಟುಕೊಳ್ತೇನೆ. ಅಲ್ಲವಾದರೆ ಕೊಳ್ಳುವವನೊಬ್ಬ ಇದ್ದಾನೆ, ಇವತ್ತೇ ಫೋನ್ ಮಾಡಬೇಕು."

ಮನೆಯ ಉರ್ದು ಅವನ ಕಡಲತೀರದ ಮಾತಿಗೆ ಹೊಂದುತ್ತಿರಲಿಲ್ಲ. ಹಾಗಾಗಿ ಮದುವೆಯಾದಂದಿನಿಂದ ಇಲ್ಲಿ ಅವನೊಂದಿಗೆ ಎಲ್ಲರದೂ ಕನ್ನಡವೇ.

ಒಳಗಿನಿಂದ ತಾಯಿ ಜೈನಾಬಿ ಮೀನಿನ ಬುಟ್ಟಿ ಹಿಡಿದುಕೊಂಡೇ ಹೊರಗೆ ಬಂದಳು. ಮೊದಲೆಲ್ಲ ಅಳಿಯ ಬಂದರೆ ಮೊಳದುದ್ದದ ಅಂಜಲ್ ಮೀನು ಬರುತ್ತಿತ್ತು. ಈ ಸಲದ ಬಂಗುಡೆ ಅವಳ ಬೆರಳಿಗಿಂತ ಗಿಡ್ಡವಾಗಿದ್ದವು.

"ಇದೇನ್ ಮೀನೋ, ಕಡ್ಲೇಕಾಯೋ? ಸುಲಿದು ತಿನ್ನಬೇಕೇನ್ರೀ?"

"ಹಾಗೇ ಹುರಿದುಬಿಡಿ ಅತ್ತೆ. ಮುಳ್ಳು ಬಲಿಯುವಷ್ಟು ಬದುಕಿದ ಮೀನಲ್ಲ ಅದು," ಎಂದು ಶಹನವಾಜ್ ನಕ್ಕ. ಜೈನಾಬಿಯೂ ನಕ್ಕು ಒಳಗೆ ಹೋದಳು.

ಮುಜಾಮಿಲ್ ನಗಲಿಲ್ಲ. ಆ ದೀಪಗಳನ್ನು ಅವನು ನೋಡಿದ್ದ.

ಹೋದ ವರ್ಷ ದಕ್ಷಿಣದ ಬಂದರೊಂದರ ಬೋಟಿನ ಧಣಿ ಬಂದು ಅಬ್ಬಾ ವಲಿಸಾಬನಿಂದ ಜನರೇಟರ್ ಕಟ್ಟಿಸಿಕೊಂಡಿದ್ದ. ವರ್ಕ್‌ಶಾಪಿಗೆ ಬೋರ್‌ವೆಲ್ ಲಾರಿಗಳ ಕೆಲಸ ನಿಂತುಹೋಗಿದ್ದ ಹೊತ್ತು. "ಇದು ಎದಕ್ಕೆ ಸಾಹೇಬ್ರೆ?" ಎಂದು ವಲಿಸಾಬ ಕೇಳಿದ್ದಕ್ಕೆ "ದೋಣಿಯಲ್ಲಿ ಐಸ್ ಮಾಡಲಿಕ್ಕೆ" ಎಂದಿದ್ದ. ಜೋಡಿಸಲು ಹೋದವನು ಮುಜಾಮಿಲ್. ಎಷ್ಟು ಲೋಡ್ ಎಳೆಯುತ್ತದೆ ನೋಡಿಯೇ ಹೋಗು ಎಂದು ಧಣಿ ಅವನನ್ನು ಅಮಾವಾಸ್ಯೆಯ ರಾತ್ರಿ ಬೋಟಿನಲ್ಲಿ ಕೂರಿಸಿಕೊಂಡ. ದೀಪ ಹೊತ್ತಿದಾಗ ಕಪ್ಪು ನೀರು ಹಸಿರಾಯಿತು. ತಾಸಿನೊಳಗೆ ಮೀನುಗಳು ಮಂದೆಯಾಗಿ ಬೆಳಕಿನ ಕೆಳಗೆ ಸುತ್ತತೊಡಗಿದವು. ಬಲೆ ಎತ್ತಿದರೆ ಮುಕ್ಕಾಲು ಪಾಲು ಮರಿ, ಉಳಿದದ್ದರಲ್ಲಿ ಹೊಟ್ಟೆ ತುಂಬ ಮೊಟ್ಟೆ. ಮರಿಗಳು ಪೇಟೆಗೆ ಹೋಗುವುದಿಲ್ಲ, ಮೀನುಪುಡಿಯ ಕಾರ್ಖಾನೆಗೆ ಹೋಗುತ್ತವೆ ಎಂದರು. ಪರಶುರಾಂಪುರದ ಕಡೆಯ ಕುರಿಗಾರರು ಗಬ್ಬದ ಕುರಿಯನ್ನು ಕಟುಕರಿಗೆ ಕೊಡುವುದಿಲ್ಲ; ಮುಂದಿನ ಮಂದೆ ಅದರ ಹೊಟ್ಟೆಯಲ್ಲಿದೆ ಎನ್ನುತ್ತಾರೆ. ಬೆಳಗಾಗುವವರೆಗೆ ಅವನಿಗೆ ಅದೇ ನೆನಪಾಗುತ್ತಿತ್ತು. ಅಲ್ಲಿಂದ ಅಕ್ಕನ ಮನೆಗೆ ಮೂರು ತಾಸು. ಹೋಗಲಿಲ್ಲ.

ಊರಿಗೆ ಬಂದಾಗ ಸಮುದ್ರವನ್ನೇ ಕಾಣದ ವಲಿಸಾಬ ಕೇಳಿದ್ದು ಬೇರೆಯೇ. "ಎಷ್ಟು ದೊಡ್ಡದೈತೋ? ಉಳ್ಳಾರ್ತಿ ಹುಲ್ಲುಗಾವಲಿನಷ್ಟಾ?"

"ಅದಕ್ಕಿಂತ ದೊಡ್ಡದು ಅಬ್ಬಾ. ಬೇಲಿ ಇಲ್ಲ."

"ಐಸ್ ಚೆನ್ನಾಗಿ ಆಗ್ತೈತಾ?"

"ಆಗ್ತೈತೆ" ಎಂದುಬಿಟ್ಟಿದ್ದ. ಅಬ್ಬಾನ ಮುಖ ಅರಳಿತ್ತು. ಆಮೇಲೆ ನಾಲ್ಕು ಜನರೇಟರ್ ಹೋದವು. ಈಗ ಇನ್ನೂ ಎರಡು ತಯಾರಾಗುತ್ತಿದ್ದವು.

"ಮಾತಾಡು ಮಾರಾಯ," ಎಂದ ಶಹನವಾಜ್. "ಎರಡು ವರ್ಷ ಹೌದೋ ಅಲ್ಲವೋ?"

ಮುಜಾಮಿಲ್ ಬಾಯಿ ತೆರೆಯುವಷ್ಟರಲ್ಲಿ ಮೇಲಿನಿಂದ ದನಿ ಬಂತು. ವಲಿಸಾಬ ತಗಡಿನ ಮಾಡಿಗೆ ಒರಗಿಸಿದ್ದ ಏಣಿ ಇಳಿಯುತ್ತಿದ್ದ. ಮೇಲೆ ಬಿಸಿಲಿಗೆ ವಾರ್ನಿಷ್ ಬಳಿದ ಜನರೇಟರಿನ ತಾಮ್ರದ ಕಾಯಿಲ್‌ಗಳು ಒಣಗುತ್ತಿದ್ದವು.

"ಎರಡು ವರ್ಷ ಅಂತ ಯಾರಂದ್ರು ಅಳಿಯಂದ್ರೆ? ಅವ್ರು ಒಂದು ಕೋಟು ವಾರ್ನಿಷ್ ಹೊಡ್ದು ಕಳಿಸಿಬಿಡ್ತಾರೆ. ನಾನು ಮೂರು ಹೊಡೀತೀನಿ, ಒಂದೊಂದು ಕೋಟಿಗೂ ಮೂರು ದಿನ ಬಿಸಿಲು. ಆ ಬಿಸಿಲು ನಿಮ್ಮೂರಾಗೆ ಎಲ್ಲೈತೆ? ಉಪ್ಪುಗಾಳಿ ಅಲ್ಲ, ಉಪ್ಪುನೀರು ಬಿದ್ರೂ ಹತ್ತು ವರ್ಷ ಅಲ್ಲಾಡಲ್ಲ."

ಶಹನವಾಜ್ ತಲೆಯೆತ್ತಿ ಮಾಡಿನ ಕಡೆ ನೋಡಿದ. "ಇವು ಎಲ್ಲಿಗೆ ಹೋಗ್ತವೆ ಮಾವ?"

"ನಿಮ್ಮ ಕಡೀಗೇ. ದೋಣಿಯಾಗೆ ಐಸ್ ಮಾಡ್ತಾರಲ್ಲ, ಅದಕ್ಕೆ. ಹಿಡಿದ ಮೀನು ಕೆಡಬಾರದಲ್ಲ, ಪುಣ್ಯದ ಕೆಲಸ."

ದಡದ ಐಸ್ ಪ್ಲಾಂಟಿನಿಂದ ಐಸ್ ತುಂಬಿಸಿಕೊಂಡೇ ಬೋಟು ಹೊರಡುವುದು. ಅದು ಗಂಗೊಳ್ಳಿಯ ಮಕ್ಕಳಿಗೂ ಗೊತ್ತು. ಶಹನವಾಜ್ ಮಾವನ ಮುಖ ನೋಡಿದ. ಅಲ್ಲಿ ಹೆಮ್ಮೆಯಲ್ಲದೆ ಏನೂ ಇರಲಿಲ್ಲ. ನಿಧಾನವಾಗಿ ಮುಜಾಮಿಲ್‌ನ ಕಡೆ ತಿರುಗಿದ. ಮುಜಾಮಿಲ್ ಸ್ಪ್ಯಾನರ್ ಕೆಳಗಿಟ್ಟ. ಬೈಯಲಿ, ಅಬ್ಬಾನೆದುರು ಎಲ್ಲವನ್ನೂ ಹೇಳಿಬಿಡಲಿ ಎಂದು ಕಾದ. ರಸ್ತೆಯಲ್ಲಿ ಈರುಳ್ಳಿ ಹೇರಿದ ಟ್ರ್ಯಾಕ್ಟರೊಂದು ಧೂಳೆಬ್ಬಿಸಿ ಹಾದುಹೋಯಿತು.

"ಹೌದು, ಪುಣ್ಯದ ಕೆಲಸ," ಎಂದ ಶಹನವಾಜ್. ಮರದ ಆಚೆ ಹೋಗಿ ಫೋನಿನಲ್ಲಿ "ಕೊಡ್ತೇನೆ, ನಾಳಿದ್ದು ಬಂದು ದೋಣಿ ತೆಗೆದುಕೊಂಡು ಹೋಗಿ" ಎಂದ. ಕೊಳ್ಳುವವನಿಗೆ ಬಲೆ ಬೇಡವಂತೇನೋ, "ಬಲೆ ನನಗೇ ಇರಲಿ" ಎಂದದ್ದೂ ಕೇಳಿಸಿತು.

ಮಧ್ಯಾಹ್ನ ಜೈನಾಬಿ ಮೀನು ಹುರಿದು ಬಡಿಸಿದಳು. ಮುಳ್ಳು ಸಮೇತ ತಿಂದರು. ಊಟ ಮುಗಿಸಿ ಶಹನವಾಜ್ ಕೇಳಿದ, "ಮಾವ, ಇಲ್ಲಿ ನನಗೇನಾದರೂ ಕೆಲಸ ಉಂಟಾ? ಇರ್ಫಾನಾಳನ್ನೂ ಕರೆತರ್ತೇನೆ."

ವಲಿಸಾಬನಿಗೆ ಕಣ್ಣೀರೇ ಬಂತು. "ನನಗೂ ಕಣ್ಣು ಮಂಜಾಗೈತೆ. ಮನೆಯವರ ಕೈ ಬೇಕಾಗಿತ್ತು" ಎನ್ನುತ್ತಾ ಏಣಿಯ ಬಳಿಗೆ ಕರೆದೊಯ್ದು ಬ್ರಶ್ಶು, ವಾರ್ನಿಷ್ ಡಬ್ಬಿ ಕೊಟ್ಟ. ಶಹನವಾಜ್ ಮಾಡು ಹತ್ತಿ ಮೂರನೆಯ ಕೋಟು ಹೊಡೆಯತೊಡಗಿದ. ಬಲೆ ಹೆಣೆದ ಕೈ; ಒಂದು ತಂತಿಯೂ ತಪ್ಪಲಿಲ್ಲ. ಕೆಳಗೆ ನಿಂತು ಏಣಿ ಹಿಡಿದುಕೊಂಡಿದ್ದ ಮುಜಾಮಿಲ್‌ನ ಮುಖ ಅವನು ನೋಡಲಿಲ್ಲ, ಅಂದೂ, ಆಮೇಲೂ.

ಆ ಎರಡು ಜನರೇಟರ್ ಹೋದವು, ಮತ್ತೆ ಮೂರು ಹೋದವು. ದೋಣಿಯಲ್ಲಿ ಐಸ್ ಮಾಡುವುದಿಲ್ಲ ಎಂದು ಮುಜಾಮಿಲ್ ಅಬ್ಬಾನಿಗೆ ಎಂದೂ ಹೇಳಲಿಲ್ಲ.