ವಾಕಿಂಗ್ ಮಾಡುವವರಿಗೆ ಮಾತ್ರ

ಬಸ್ ಸ್ಟಾಪನ್ನು ಬೀದಿಯ ಮೂಲೆಯಿಂದ ಎತ್ತಿ ಪಾರ್ಕಿನ ಆಚೆಗೆ ಹಾಕಿದವರು ಹೇಳಿದ್ದು ಒಂದೇ ಮಾತು: ನಡೆದು ಹೋಗುವಷ್ಟೇ ದೂರ. ಯಾರು ನಡೆದು ಹೋಗುವಷ್ಟು ಎಂದು ಅವರನ್ನು ಯಾರೂ ಕೇಳಲಿಲ್ಲ. ಸೊಸೆಗೆ ಮಾತ್ರ ಆ ಮಾತು ನೆನೆದಾಗಲೆಲ್ಲ ಮೈಯೆಲ್ಲ ಉರಿಯುತ್ತಿತ್ತು.

ಅವಳ ಅತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದ್ದವು. ಜೀವಮಾನವಿಡೀ ಹೊಲಿಗೆ ಮೆಷಿನ್ನಿನ ಮುಂದೆ ಕೂತ ಹೆಂಗಸು. ಆಸ್ಪತ್ರೆಯಲ್ಲಿ ಮಾಡಿಸುವ ವ್ಯಾಯಾಮದಿಂದ ಬೆರಳುಗಳು ಈಗಷ್ಟೇ ಅಲ್ಲಾಡತೊಡಗಿದ್ದವು. ಸ್ಟಾಪು ದೂರವಾದ ಮೇಲೆ ಎರಡು ಸಲ ಬಸ್ಸು ತಪ್ಪಿತ್ತು. ಇನ್ನೊಂದು ಸಲ ತಪ್ಪಿಸಿದರೆ ನಿಮ್ಮ ಜಾಗ ಬೇರೆಯವರಿಗೆ ಕೊಡುತ್ತೇವೆ ಎಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದ್ದರು. ಸ್ಟಾಪಿನವರೆಗೆ ಬಿಡಿ ಎಂದು ಆಟೋದವರನ್ನು ಕರೆದರೆ, ಇಷ್ಟು ಹತ್ತಿರಕ್ಕೆಲ್ಲ ಬರೋಲ್ಲ ಎಂದು ಮುಖ ತಿರುಗಿಸುತ್ತಿದ್ದರು. ಹತ್ತಿರವಂತೆ! ಫುಟ್‌ಪಾತೇ ಇಲ್ಲದ ದೊಡ್ಡ ರಸ್ತೆಯಲ್ಲಿ, ಲಾರಿಗಳ ಪಕ್ಕದಲ್ಲಿ ಕಾಲೆಳೆಯುತ್ತ ಸುತ್ತು ಹಾಕಿ ನೋಡಲಿ, ಗೊತ್ತಾಗುತ್ತದೆ.

ಅಡ್ಡದಾರಿ ಇದ್ದದ್ದು ಒಂದೇ, ಪಾರ್ಕಿನೊಳಗಿನಿಂದ. ಆವತ್ತು ಬೆಳಿಗ್ಗೆ ಸೊಸೆ ಅತ್ತೆಯ ರಟ್ಟೆ ಹಿಡಿದು ನೆಟ್ಟಗೆ ಪಾರ್ಕಿನ ಗೇಟಿಗೇ ಬಂದಳು. ವಾಚ್‌ಮನ್ ಬೋರ್ಡು ತೋರಿಸಿದ: ವಾಕಿಂಗ್ ಮಾಡುವವರಿಗೆ ಮಾತ್ರ.

"ನಾವೂ ನಡಕೊಂಡೇ ತಾನೇ ಹೋಗ್ತಿರೋದು? ಹಾರ್ಕೊಂಡು ಹೋಗ್ತಿದೀವಾ?" ಎಂದಳು ಸೊಸೆ.

"ನೀವು ಬಸ್ಸಿಗೆ ಹೋಗ್ತಿದೀರಮ್ಮ. ಅದು ವಾಕಿಂಗ್ ಅಲ್ಲ. ವಾಕಿಂಗ್ ಅಂದ್ರೆ ಸುಮ್ನೆ ಸುತ್ತೋದು."

"ಎಲ್ಲಿಗೂ ಹೋಗದೇ ಇದ್ರೆ ಮಾತ್ರ ನಡೀಬಹುದು ಅನ್ನು!"

ಅತ್ತೆ ಸೊಟ್ಟಗಾದ ಬಾಯಲ್ಲೇ ನಕ್ಕಳು. "ಡಾಕ್ಟ್ರು ನಂಗೆ ನಡಿ ಅಂದಿದಾರಪ್ಪ. ಸುತ್ತೋಕೇ ಬಂದಿದೀನಿ, ಬಿಡು," ಎಂದಳು, ಅಕ್ಷರ ಅಕ್ಷರ ಅಗಿಯುತ್ತ. ವಾಚ್‌ಮನ್ ತಲೆ ಕೆರೆದುಕೊಂಡು ಬಿಟ್ಟ. ಮುದುಕಿಯ ಬುದ್ಧಿಗೆ ಲಕ್ವ ಹೊಡೆದಿಲ್ಲವೆಂದು ಸೊಸೆಗೆ ಒಳಗೊಳಗೇ ಹೆಮ್ಮೆಯಾಯಿತು.

ಎರಡೂ ಕಡೆ ಮುಳ್ಳುಬೇಲಿಯಿದ್ದ ಕಿರಿದಾದ ಕಲ್ಲುಹಾಸು. ನಿಂತು, ಉಸಿರು ಬಿಟ್ಟು, ಮತ್ತೆ ಕಾಲೆಳೆದು ಆಚೆ ತುದಿ ಮುಟ್ಟುವಷ್ಟರಲ್ಲಿ ಅತ್ತೆ ಬೆವರಿನಲ್ಲಿ ತೊಯ್ದುಹೋಗಿದ್ದಳು. ಆ ಕಡೆಯ ಗೇಟಿಗೆ ಬೀಗ. ಕಂಬಿಗಳಾಚೆ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಬಸ್ಸು ನಿಂತಿತ್ತು. ಸೊಸೆ ಗೇಟು ಹಿಡಿದು ಅಲುಗಾಡಿಸಿದಳು, ಗಂಟಲು ಹರಿಯುವಂತೆ ಕೂಗಿದಳು. ಡ್ರೈವರ್ ಇತ್ತ ನೋಡಿದ. ಪಾರ್ಕಿನಲ್ಲಿ ವಾಕಿಂಗ್ ಮಾಡುವವರು ಬಸ್ಸು ಹತ್ತುತ್ತಾರೆಂದು ಅವನಾದರೂ ಹೇಗೆ ಅಂದುಕೊಂಡಾನು? ಬಸ್ಸು ಹೊರಟುಹೋಯಿತು.

ಸೊಸೆ ಆಸ್ಪತ್ರೆಗೆ ಫೋನ್ ಮಾಡಿದಳು. "ಹೇಳಿದ್ವಲ್ಲಮ್ಮ. ಇವತ್ತು ಬಂದಿಲ್ಲ ಅಂದ್ರೆ ಹೆಸರು ತೆಗೀತೀವಿ," ಎಂದು ಆ ಕಡೆಯಿಂದ ಹುಡುಗಿಯೊಬ್ಬಳು ಫೋನಿಟ್ಟಳು. ಅತ್ತೆ ಸೊಸೆಯ ಮುಖ ನೋಡಿಯೇ ತಿಳಿದುಕೊಂಡಳು.

ಅಷ್ಟರಲ್ಲಿ ಬಿಳಿ ಬೂಟು ತೊಟ್ಟ ಪಾರ್ಕ್ ಸಂಘದ ಅಧ್ಯಕ್ಷರು ಕೈ ಬೀಸುತ್ತ ಬಂದರು. ಅತ್ತೆಯ ಕಾಲು ನೋಡಿ ಅವರಿಗೆ ನಿಜಕ್ಕೂ ಕನಿಕರವಾಯಿತು. "ಬಹಳ ಒಳ್ಳೇದು ಕಣಮ್ಮ. ಇಂಥವರನ್ನ ದಿನಾ ಒಂದು ರೌಂಡ್ ಹಾಕಿಸಬೇಕು," ಎಂದರು.

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ದಾರಿಯ ನಡುವೆ ಧೊಪ್ಪನೆ ಕೂತುಬಿಟ್ಟಳು. ಬಿದ್ದಳೇನೋ ಎಂದು ಸೊಸೆ ಗಾಬರಿಯಿಂದ ಬಗ್ಗಿದರೆ, ಎಡಗೈಯಿಂದ ಅವಳ ಸೆರಗು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಏಳಿ, ಏಳಿ, ಹಿಂದೆ ಜನ ಬರ್ತಿದಾರೆ," ಎಂದರು ಅಧ್ಯಕ್ಷರು.

"ಬರ್ಲಿ," ಎಂದಳು ಅತ್ತೆ.

ಜನ ಬಂದರು, ನಿಂತರು, ಗೊಣಗಿದರು. ಮುಳ್ಳುಬೇಲಿ ಹಾರಲು ಯಾರಿಗೂ ಧೈರ್ಯವಿರಲಿಲ್ಲ. "ಇವತ್ತು ಈ ಕೈಗೆ ವ್ಯಾಯಾಮ ಇತ್ತು. ನಿಮ್ಮ ಬೀಗದಿಂದ ತಪ್ಪೋಯ್ತು," ಎಂದು ಸೊಸೆ ಅತ್ತೆಯ ಬಲಗೈ ಎತ್ತಿ ತೋರಿಸಿದಳು. ಅದು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಯಾರೋ ಕೆಮ್ಮಿದರು. ಅಧ್ಯಕ್ಷರು ಬೇರೆಲ್ಲೋ ನೋಡುತ್ತ, ಬೀಗದ ಕೈ ತರುವಂತೆ ವಾಚ್‌ಮನ್‌ನನ್ನು ಕೂಗಿದರು.

ಗೇಟು ಕಿರುಗುಟ್ಟುತ್ತ ತೆರೆಯಿತು. ಸೊಸೆ ಅತ್ತೆಯನ್ನು ಎಬ್ಬಿಸಿ ಹೊರಗೆ ದಾಟಿಸಿದಳು. ಆಮೇಲೆ ಹಿಂದಿರುಗಿ ಬಂದು ವಾಚ್‌ಮನ್ ಕೈಯಿಂದ ಬೀಗ ಕಸಿದುಕೊಂಡು, ರಸ್ತೆ ಬದಿಯ ಚರಂಡಿಗೆ ಎಸೆದಳು.

"ಅಯ್ಯೋ, ಏನ್ರೀ ಇದು!" ಎಂದರು ಅಧ್ಯಕ್ಷರು.

"ಇನ್ನೊಂದು ಹಾಕಿ. ಅದನ್ನೂ ಎಸೀತೀನಿ," ಎಂದಳು ಸೊಸೆ.

ಸ್ಟಾಪಿನಲ್ಲಿ ಕೂರಲು ಜಾಗವಿರಲಿಲ್ಲ. ಅತ್ತೆ ಕಂಬಕ್ಕೆ ಒರಗಿ ನಿಂತಳು. "ಹೆಸರು ತೆಗೆದಿದ್ರೆ?" ಎಂದಳು.

"ತೆಗೆದಿರ್ಲಿ ಅತ್ತೆ. ಅಲ್ಲೂ ಹೋಗಿ ಕೂತ್ಕೊಳ್ಳೋಣ," ಎಂದು ಸೊಸೆ ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದಳು.